ಯಾರ ಅಂಕಿತ?

ನಮ್ಮ ಕಡೆ ಹೊಸಬರನ್ನು ಕಂಡಾಗ ಮೊದಲು ಹೆಸರು ಕೇಳುವುದಿಲ್ಲ. "ಯಾವೂರಾಯ್ತು?" ಎಂದು ಕೇಳುತ್ತಾರೆ. ಆಮೇಲೆ "ಯಾರ ಪೈಕಿ?" ಎನ್ನುತ್ತಾರೆ. ಇವೆರಡಕ್ಕೂ ಉತ್ತರ ಸಿಕ್ಕಿದ ಮೇಲೆ ಹೆಸರು ಬೇಕೆನಿಸಿದರೆ ಕೇಳಿಯಾರು, ಇಲ್ಲವಾದರೆ ಅಷ್ಟಕ್ಕೇ ಬಿಟ್ಟಾರು. ಗಂಡಸರ ವಿಷಯದಲ್ಲಿ ಈ ಮೂರನೆಯ ಪ್ರಶ್ನೆ ಒಮ್ಮೊಮ್ಮೆಯಾದರೂ ಬರುತ್ತದೆ. ಹೆಂಗಸರ ವಿಷಯದಲ್ಲಿ ಎರಡನೆಯದಕ್ಕೇ ಮಾತು ಮುಗಿದುಹೋಗುತ್ತದೆ. "ಇವರು ಮೇಷ್ಟ್ರ ಮನೆಯವರು", "ಅವರು ಶಾನುಭೋಗರ ಸೊಸೆ" ಎಂದಾದ ಮೇಲೆ ತಿಳಿಯುವುದೇನು ಉಳಿಯಿತು?

ಕಡೂರು, ತರೀಕೆರೆ, ಅಜ್ಜಂಪುರ ಈ ಮೂರು ಊರುಗಳಲ್ಲಿ ಕನ್ನಡ ಪಾಠ ಹೇಳಿಕೊಂಡು ನನ್ನ ಸರ್ವಿಸಿನ ಬಹುಭಾಗ ಕಳೆಯಿತು. ಹೆಸರಿನ ವಿಷಯದಲ್ಲಿ ಈ ಸೀಮೆಯದೇ ಒಂದು ತಮಾಷೆಯಿದೆ. ೧೯೪೭ರವರೆಗೂ ನಮ್ಮ ಜಿಲ್ಲೆಗೆ ಕಡೂರು ಜಿಲ್ಲೆ ಎಂದೇ ಹೆಸರು. ಆದರೆ ಜಿಲ್ಲೆಯ ಕಚೇರಿಗಳೆಲ್ಲ ಚಿಕ್ಕಮಗಳೂರಿನಲ್ಲಿ. ದುಡಿಯುವ ಊರು ಒಂದು, ಕಾಗದದ ತಲೆಯ ಮೇಲೆ ಕೂತ ಊರು ಇನ್ನೊಂದು. ಚಿಕ್ಕಮಗಳೂರಿನವರು ಇದನ್ನು ಎಷ್ಟು ವರ್ಷ ಹೇಗೆ ಸಹಿಸಿಕೊಂಡಿದ್ದರೋ! ಅಜ್ಜಂಪುರವೂ ಈಚೆಗೆ ತಾನೇ ಒಂದು ತಾಲ್ಲೂಕಾಗುವವರೆಗೆ ತರೀಕೆರೆಯ ಹೆಸರಿನಲ್ಲೇ ಕಾಗದಪತ್ರ ನಡೆಸಿಕೊಂಡು ಬಂದ ಊರು.

ಒಮ್ಮೆ ತರಗತಿಯಲ್ಲಿ ಕಾವ್ಯನಾಮಗಳ ಪಟ್ಟಿ ಹೇಳುತ್ತಿದ್ದೆ. ಪರೀಕ್ಷೆಯಲ್ಲಿ ಒಂದೊಂದು ಅಂಕಕ್ಕೆ ಬರುವ ಪ್ರಶ್ನೆ ಅದು. ಮಾಸ್ತಿ ಎಂದರೆ ಶ್ರೀನಿವಾಸ, ಗೋಕಾಕ ಎಂದರೆ ವಿನಾಯಕ, ಬೇಂದ್ರೆ ಎಂದರೆ ಅಂಬಿಕಾತನಯದತ್ತ. ನಮ್ಮ ಊರಿನ ಅಭಿಮಾನಕ್ಕೆಂದು ಅಜ್ಜಂಪುರ ಸೀತಾರಾಂ ಎಂದರೆ 'ಆನಂದ' ಎಂದು ಒತ್ತಿ ಹೇಳಿದೆ. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. ಇಂಗ್ಲಿಷ್ ಪಾಠದಲ್ಲಿ ಜಾರ್ಜ್ ಎಲಿಯಟ್ ಎಂದರೆ ಹೆಂಗಸು ಎಂದು ಆಗತಾನೇ ಕೇಳಿಕೊಂಡು ಬಂದಿದ್ದಳಂತೆ. "ನಮ್ಮಲ್ಲಿ ಹಾಗೆ ಗಂಡಸರ ಹೆಸರು ಇಟ್ಟುಕೊಂಡು ಬರೆದ ಹೆಂಗಸರು ಯಾರು?" ಎಂದು ಕೇಳಿದಳು. ಅಷ್ಟರಲ್ಲಿ ಗಂಟೆ ಹೊಡೆಯಿತು. ಮೇಷ್ಟ್ರಗಿರಿಯಲ್ಲಿ ಗಂಟೆಯಷ್ಟು ದೊಡ್ಡ ಉಪಕಾರಿ ಬೇರೊಂದಿಲ್ಲ. ಆದರೆ ಪ್ರಶ್ನೆ ಮಾತ್ರ ಗಂಟೆಯ ಜೊತೆ ಹೋಗಲಿಲ್ಲ.

ಇಂಗ್ಲೆಂಡಿನ ಕಥೆ ಎಲ್ಲರೂ ಬಲ್ಲದ್ದೇ. ಬ್ರಾಂಟೆ ಮನೆಯ ಮೂವರು ಅಕ್ಕತಂಗಿಯರು ೧೮೪೬ರಲ್ಲಿ ತಮ್ಮದೇ ದುಡ್ಡು ಹಾಕಿ ಒಂದು ಕವನ ಸಂಗ್ರಹ ಅಚ್ಚು ಹಾಕಿಸಿದರು. ಷಾರ್ಲಟ್ 'ಕರರ್ ಬೆಲ್' ಆದಳು, ಎಮಿಲಿ 'ಎಲಿಸ್ ಬೆಲ್' ಆದಳು, ಆನ್ 'ಆಕ್ಟನ್ ಬೆಲ್' ಆದಳು. ತಮ್ಮ ಹೆಸರುಗಳ ಮೊದಲ ಅಕ್ಷರವನ್ನು ಮಾತ್ರ ಮೂವರೂ ಉಳಿಸಿಕೊಂಡರು. ಮುಖ ಮುಚ್ಚಿಕೊಂಡರೂ ಬಳೆ ತೆಗೆಯಲು ಮನಸ್ಸು ಬಾರದವರ ಹಾಗೆ. ಪುಸ್ತಕ ಖರ್ಚಾದದ್ದು ಎರಡು ಪ್ರತಿ. ಮರುವರ್ಷ 'ಜೇನ್ ಐರ್' ಬಂದಾಗ ಮಾತ್ರ ಈ ಕರರ್ ಬೆಲ್ ಯಾರೆಂದು ಊರೆಲ್ಲ ವಿಚಾರಿಸತೊಡಗಿತು.

ಮೇರಿ ಆನ್ ಇವಾನ್ಸ್ ಎಂಬಾಕೆ ಜಾರ್ಜ್ ಎಲಿಯಟ್ ಆದದ್ದು ಇದಕ್ಕೆ ಹತ್ತು ವರ್ಷದ ಮೇಲೆ. ಆಕೆಯ ಮೊದಲ ಕಥೆಗಳನ್ನು ಓದಿ ಇದನ್ನು ಬರೆದವರು ಹೆಂಗಸೇ ಇರಬೇಕು ಎಂದು ಊಹಿಸಿದವನು ಡಿಕನ್ಸ್. ಆದರೆ ಎಲ್ಲರೂ ಡಿಕನ್ಸ್ ಆಗುವುದಿಲ್ಲ. ೧೮೫೯ರಲ್ಲಿ 'ಆಡಂ ಬೀಡ್' ಕಾದಂಬರಿ ಹೆಸರು ಮಾಡಿತು. ಆಗ ಆಕೆಯ ಹುಟ್ಟೂರಿನ ಕಡೆಯ ಜೋಸೆಫ್ ಲಿಗ್ಗಿನ್ಸ್ ಎಂಬಾತನೇ ಅದರ ಕರ್ತೃವೆಂದು ಸುದ್ದಿ ಹಬ್ಬಿತು. ಪಾಪ, ಇಂಥ ಪುಸ್ತಕ ಬರೆದೂ ಬಡವನಾಗಿದ್ದಾನೆ ಎಂದು ಅವನಿಗಾಗಿ ಚಂದಾ ಎತ್ತುವವರೂ ಹುಟ್ಟಿಕೊಂಡರು. ಇಷ್ಟಾದ ಮೇಲೆ ಆಕೆ ತಾನು ಯಾರೆಂದು ಹೇಳಿಕೊಳ್ಳದೆ ಗತಿಯಿಲ್ಲವಾಯಿತು. ಗಂಡು ಹೆಸರೊಂದನ್ನು ಗೂಟಕ್ಕೆ ನೇತುಹಾಕಿದರೆ ಅದರೊಳಗೆ ತೂರಿಕೊಳ್ಳಲು ಒಬ್ಬ ಗಂಡಸು ಎಲ್ಲಿಂದಲಾದರೂ ಬಂದೇ ಬರುತ್ತಾನೆ. ಅವನಾಗಿ ಬರದಿದ್ದರೆ ಜನರೇ ಹುಡುಕಿ ತಂದು ನಿಲ್ಲಿಸುತ್ತಾರೆ. ಲಿಗ್ಗಿನ್ಸನ ಮಾತು ಇಲ್ಲಿಗೆ ಸಾಕು. ಅವನ ತರೀಕೆರೆಯ ಅಣ್ಣನೊಬ್ಬನನ್ನು ಮುಂದೆ ತೋರಿಸುತ್ತೇನೆ.

ಇನ್ನು ನಮ್ಮಲ್ಲಿ. ಈ ವೇಷಕ್ಕೆ ಕನ್ನಡದಷ್ಟು ಅನುಕೂಲವಾದ ಭಾಷೆ ಸಿಗುವುದು ಅಪರೂಪ. ಹಿಂದಿಯಲ್ಲಿ "ನಾನು ಹೋದೆ" ಎನ್ನಬೇಕಾದರೆ ಗಂಡಸಿಗೊಂದು ರೂಪ, ಹೆಂಗಸಿಗೊಂದು ರೂಪ. ಬಾಯಿ ತೆರೆದರೆ ಗುಟ್ಟು ರಟ್ಟು. ಕನ್ನಡದ 'ನಾನು' ಹಾಗಲ್ಲ. ನಾನು ಹೋದೆ, ನಾನು ಬಂದೆ, ನಾನು ಅತ್ತೆ. ಅತ್ತವರು ಯಾರೆಂದು ವ್ಯಾಕರಣ ಹೇಳುವುದಿಲ್ಲ. ಈ ಪ್ರಬಂಧವನ್ನು ಇಲ್ಲಿಯವರೆಗೆ ಓದಿದವರು ಒಂದು ಸಲ ಹಿಂದಕ್ಕೆ ಹೋಗಿ ನೋಡಲಿ. ಬರೆದವರು ಗಂಡೋ ಹೆಣ್ಣೋ ಎಂಬುದಕ್ಕೆ ಕ್ರಿಯಾಪದಗಳಲ್ಲಿ ಸಾಕ್ಷಿ ಸಿಗದು. ಇಷ್ಟು ಅನುಕೂಲವಿದ್ದೂ ಗಂಡು ಹೆಸರಿಟ್ಟುಕೊಂಡು ಬರೆಯುವುದು ಕನ್ನಡದ ಹೆಂಗಸರಲ್ಲಿ ಒಂದು ವಾಡಿಕೆಯಾಗಿ ಬೆಳೆಯಲಿಲ್ಲ. ಏಕೆ?

ಒಂದು ಕಾರಣ ಅಂಚೆಯವನು. ಕಾವ್ಯನಾಮ ಇಟ್ಟುಕೊಂಡರೆ ಸಾಲದು, ಆ ಹೆಸರಿಗೆ ಬಂದ ಕಾಗದವನ್ನು ಯಾರ ಮನೆಗೆ ಹಾಕಬೇಕೆಂಬುದು ಅಂಚೆಯವನಿಗೆ ತಿಳಿದಿರಬೇಕು. ಅಂಚೆಯವನಿಗೆ ತಿಳಿದದ್ದು ಬಾವಿಕಟ್ಟೆಗೆ ತಿಳಿಯುತ್ತದೆ. ಲಂಡನ್ನಿನಂಥ ಊರಿನಲ್ಲಿ ಅಡಗುವುದು ಬೇರೆ, ನಾಲ್ಕು ಬೀದಿಯ ತರೀಕೆರೆಯಲ್ಲಿ ಅಡಗುವುದು ಬೇರೆ.

ಇನ್ನೊಂದು ಕಾರಣ ಇದಕ್ಕಿಂತ ದೊಡ್ಡದು. ಹೊಸಗನ್ನಡದಲ್ಲಿ ಮೊದಮೊದಲು ಬರೆದ ಹೆಂಗಸರಲ್ಲಿ ಕೆಲವರು ಅಚ್ಚಿನ ವ್ಯವಹಾರವನ್ನು ತಮ್ಮ ಕೈಗೇ ತೆಗೆದುಕೊಂಡುಬಿಟ್ಟರು. ನಂಜನಗೂಡು ತಿರುಮಲಾಂಬ (೧೮೮೭-೧೯೮೨) ಚಿಕ್ಕ ವಯಸ್ಸಿನಲ್ಲೇ ವಿಧವೆಯಾದವರು. ೧೯೧೩ರಲ್ಲಿ 'ಸತೀಹಿತೈಷಿಣೀ' ಗ್ರಂಥಮಾಲೆ ಆರಂಭಿಸಿದರು. ಕಾದಂಬರಿ ಬರೆದರು, ಪ್ರಕಟಿಸಿದರು, 'ಕರ್ನಾಟಕ ನಂದಿನಿ' ಎಂಬ ಮಾಸಪತ್ರಿಕೆ ನಡೆಸಿದರು. ಬೆಂಗಳೂರಿನಲ್ಲಿ ಆರ್. ಕಲ್ಯಾಣಮ್ಮನವರು ೧೯೨೧ರಲ್ಲಿ 'ಸರಸ್ವತಿ' ಪತ್ರಿಕೆ ಹೊರಡಿಸಿ ದಶಕಗಳ ಕಾಲ ನಡೆಸಿದರು. ಕಾಗದವೂ ತನ್ನದು, ಅಂಚೆಯ ಖರ್ಚೂ ತನ್ನದು ಎಂದಾದ ಮೇಲೆ ಯಾರಿಗಾಗಿ ಗಂಡು ವೇಷ ಹಾಕಬೇಕು? ಬ್ರಾಂಟೆ ಸೋದರಿಯರು ಇನ್ನೊಬ್ಬರ ಬಾಗಿಲು ತಟ್ಟಬೇಕಾಗಿತ್ತು. ತಿರುಮಲಾಂಬ ಬಾಗಿಲನ್ನೇ ಕಟ್ಟಿಕೊಂಡರು. ಹೆಸರು ಹಾಕಿಕೊಳ್ಳುವ ಧೈರ್ಯಕ್ಕೂ ಮುದ್ರಣದ ಯಜಮಾನಿಕೆಗೂ ಸಂಬಂಧವಿದೆ.

ಬಾಗಿಲು ಕಟ್ಟಿಕೊಳ್ಳಲಾಗದವರು ಬೇರೆ ಬೇರೆ ಮರೆಗಳನ್ನು ಹುಡುಕಿಕೊಂಡರು. ಅವು ಗಂಡಿನ ಮರೆಗಳಲ್ಲ, ಹೆಣ್ಣಿನವೇ. ತಿರುಮಲೆ ರಾಜಮ್ಮನವರು 'ಭಾರತಿ' ಆದರು. ಉಡುಪಿಯ ಸರಸ್ವತಿಬಾಯಿ ರಾಜವಾಡೆಯವರು 'ಗಿರಿಬಾಲೆ' ಆದರು. ಬಿ.ಎನ್. ಸುಬ್ಬಮ್ಮ 'ವಾಣಿ'ಯಾದರು. ಅನಸೂಯಾ ಶಂಕರ್ 'ತ್ರಿವೇಣಿ'ಯಾದರು. ಕುಂದಾಪುರದ ವಾಸಂತಿ ಮದುವೆಯಾಗಿ ನಮ್ಮ ಪಕ್ಕದ ಶಿವಮೊಗ್ಗಕ್ಕೆ ಬಂದಾಗ ಜಾನಕಿಯಾದರು. 'ಸುಧಾ' ವಾರಪತ್ರಿಕೆಗೆ ಕಳಿಸಿದ ಕಥೆಯೊಂದರಲ್ಲಿ ನಡೆದ ಸಂಗತಿಯಿದೆ, ಪ್ರಕಟಿಸಬೇಡಿ ಎಂದು ಅವರು ಕೇಳಿಕೊಂಡಾಗ ಸಂಪಾದಕರು ಅದಕ್ಕೆ 'ವೈದೇಹಿ' ಎಂದು ಹೆಸರಿಟ್ಟು ಅಚ್ಚು ಹಾಕಿದರು. ತೌರಿನವರು ಕೊಟ್ಟದ್ದೊಂದು, ಅತ್ತೆಯ ಮನೆಯವರು ಕೊಟ್ಟದ್ದೊಂದು, ಪತ್ರಿಕೆಯವರು ಕೊಟ್ಟದ್ದೊಂದು. ಆ ಮೂರನೆಯ ಹೆಸರಿಗೇ ೨೦೦೯ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

ತೀರ್ಥಹಳ್ಳಿಯ ವೆಂಕಟಲಕ್ಷ್ಮಿಯ ಕಥೆ ಇದಕ್ಕಿಂತ ಸೋಜಿಗ. ಆಕೆ ಬರವಣಿಗೆಗೆ 'ಅನುಪಮಾ' ಎಂಬ ಹೆಸರು ಇಟ್ಟುಕೊಂಡರು. ಮದುವೆಯಾದದ್ದು ಕುಳಕುಂದ ಶಿವರಾಯರನ್ನು, ಎಂದರೆ 'ನಿರಂಜನ'ರನ್ನು. ನಿರಂಜನ ಎಂಬುದೂ ಕಾವ್ಯನಾಮವೇ. ಹೀಗೆ 'ಅನುಪಮಾ ನಿರಂಜನ' ಎಂಬ ಹೆಸರಿನ ಮೊದಲ ಅರ್ಧ ಹೆಣ್ಣಿನ ಕಾವ್ಯನಾಮ, ಉಳಿದರ್ಧ ಗಂಡಿನ ಕಾವ್ಯನಾಮ. ಗಂಡಿನ ಹೆಸರಿಟ್ಟುಕೊಂಡು ಬರೆದ ಕನ್ನಡ ಲೇಖಕಿ ಬೇಕೇಬೇಕೆಂದು ಹಠ ಹಿಡಿದವರಿಗೆ ಈ ಅರ್ಧವನ್ನು ಕೊಡಬಹುದು.

ಪೂರ್ತಿ ಬೇಕೆಂದವರು ಕೊಡಗಿಗೆ ಹೋಗಬೇಕು. ಗೌರಮ್ಮನವರು ಹುಟ್ಟಿದ್ದು ೧೯೧೨ರಲ್ಲಿ, ಈಜಲು ಹೋಗಿ ನೀರಿನಲ್ಲಿ ತೀರಿಕೊಂಡದ್ದು ೧೯೩೯ರಲ್ಲಿ. ಇಪ್ಪತ್ತೇಳು ವರ್ಷದ ಬಾಳು. ೧೯೩೪ರಲ್ಲಿ ಗಾಂಧೀಜಿ ಕೊಡಗಿಗೆ ಬಂದಾಗ ತಮ್ಮ ಮನೆಗೆ ಬರಲೇಬೇಕೆಂದು ಉಪವಾಸ ಕೂತು, ಅವರನ್ನು ಬರಮಾಡಿಕೊಂಡು, ಮೈಮೇಲಿನ ಒಡವೆಗಳನ್ನು ಹರಿಜನ ನಿಧಿಗೆ ಬಿಚ್ಚಿಕೊಟ್ಟ ಹೆಂಗಸು. ಗಾಂಧಿಯನ್ನೇ ಉಪವಾಸದಿಂದ ಗೆದ್ದವರು ಎಷ್ಟು ಜನ ಸಿಕ್ಕಾರು? ಅಂಥ ಗಟ್ಟಿಗಿತ್ತಿ ತಮ್ಮ ಕಥೆಗಳ ಕೆಳಗೆ ಹಾಕಿಕೊಂಡ ಹೆಸರು 'ಮಿಸೆಸ್ ಬಿ.ಟಿ.ಜಿ. ಕೃಷ್ಣ'. ಗಂಡ ಬಿ.ಟಿ. ಗೋಪಾಲಕೃಷ್ಣ ಅವರ ಹೆಸರು ಅದು. ವಿಧವೆಯರ ಸಂಕಟ, ಹೆಣ್ಣಿಗೊಂದು ಗಂಡಿಗೊಂದು ನ್ಯಾಯ, ಇವನ್ನು ಆ ಕಾಲಕ್ಕೆ ಎದೆಗುಂದದೆ ಬರೆದ ಕೈ, ಸಹಿ ಹಾಕುವಾಗ ಮಾತ್ರ ಗಂಡನ ಇನಿಷಿಯಲ್ಲುಗಳ ಹಿಂದೆ ಸರಿದು ನಿಂತಿತು. ಅಲ್ಲಿ 'ಮಿಸೆಸ್' ಎಂಬ ಒಂದು ಪದ ತೆಗೆದರೆ ಉಳಿಯುವುದು ಶುದ್ಧ ಗಂಡು ಹೆಸರು.

ಈಗ ನಮ್ಮೂರಿನ 'ಆನಂದ'ರನ್ನು ಪಕ್ಕದಲ್ಲಿ ನಿಲ್ಲಿಸಿ ನೋಡಿ. ಅಜ್ಜಂಪುರ ಸೀತಾರಾಂ (೧೯೦೨-೧೯೬೩) ಬರೆಯುವಾಗ ಊರನ್ನು ಬಿಟ್ಟರು, ಮನೆಯವರಿಟ್ಟ ಹೆಸರನ್ನು ಬಿಟ್ಟರು, ಮೂರಕ್ಷರದ ಸ್ವತಂತ್ರ ಮನುಷ್ಯನಾಗಿ 'ನಾನು ಕೊಂದ ಹುಡುಗಿ' ಬರೆದರು. ದೇವರಿಗೆ ಬಿಟ್ಟ ಹುಡುಗಿಗೆ ತಿಳುವಳಿಕೆ ಹೇಳಲು ಹೋಗಿ ಅವಳ ಸಾವಿಗೆ ಕಾರಣನಾದ ಗಂಡಸಿನ ಕಥೆ ಅದು. ಬೇಂದ್ರೆ ಇನ್ನೂ ಒಂದು ಹೆಜ್ಜೆ ಮುಂದೆ. ತಾಯಿ ಅಂಬಿಕೆಯ ಹೆಸರನ್ನೇ ಮುಂದಿಟ್ಟು 'ಅಂಬಿಕಾತನಯದತ್ತ'ರಾದರು. ಇದೇ ಬೇಂದ್ರೆ ಗೌರಮ್ಮನವರನ್ನು ತಂಗಿಯೆಂದು ಕರೆದು ಕವಿತೆ ಬರೆದವರು. ತಾಯಿಯ ಹೆಸರಿನಲ್ಲಿ ಬರೆದ ಅಣ್ಣ, ಗಂಡನ ಹೆಸರಿನಲ್ಲಿ ಬರೆದ ತಂಗಿ. ಗಂಡಸರು ಹೆಣ್ಣಿನ ಹೆಸರು ಹೊದ್ದದ್ದೂ ಉಂಟು. ಬಂಗಾಳದಲ್ಲಿ ಶರಶ್ಚಂದ್ರರು ಹೆಣ್ಣಿನ ಬೆಲೆಯ ಮೇಲೆ ಬರೆದ ಲೇಖನವನ್ನು ಅಕ್ಕ ಅನಿಲಾದೇವಿಯ ಹೆಸರಿನಲ್ಲಿ ಪ್ರಕಟಿಸಿದರು. ನಮ್ಮ ಲಂಕೇಶರು ತಮ್ಮ ಪತ್ರಿಕೆಯಲ್ಲಿ 'ನೀಲು' ಎಂಬ ಹೆಸರಿನಲ್ಲಿ ಪುಟ್ಟ ಪುಟ್ಟ ಪದ್ಯ ಬರೆದರು. ಗಂಡಸಿಗೆ ಇನ್ನೊಂದು ಹೆಸರೆಂದರೆ ಇನ್ನೊಂದು ಅಂಗಿ, ಬೇಕೆಂದಾಗ ತೊಟ್ಟು ಬೇಡವೆಂದಾಗ ಬಿಚ್ಚಿಡಬಹುದು. ಗೌರಮ್ಮನವರ ಕಾಲದ ಹೆಂಗಸಿಗೆ ಅದು ತಲೆಯ ಮೇಲಿನ ಸೂರು.

ಒಂದು ಸಮಾಧಾನವಿದೆ. ಇವತ್ತು 'ಮಿಸೆಸ್ ಬಿ.ಟಿ.ಜಿ. ಕೃಷ್ಣ' ಎಂದರೆ ಯಾರಿಗೂ ಗೊತ್ತಾಗುವುದಿಲ್ಲ. 'ಕೊಡಗಿನ ಗೌರಮ್ಮ' ಎಂದರೆ ಎಲ್ಲರಿಗೂ ಗೊತ್ತು. ಓದುಗರು ಗಂಡನ ಇನಿಷಿಯಲ್ಲನ್ನು ಕಳಚಿ ಊರನ್ನು ತೊಡಿಸಿದರು. ನಂಜನಗೂಡು ತಿರುಮಲಾಂಬ, ಬೆಳಗೆರೆ ಜಾನಕಮ್ಮ, ಹರಪನಹಳ್ಳಿ ಭೀಮವ್ವ, ಹೆಳವನಕಟ್ಟೆ ಗಿರಿಯಮ್ಮ. ಕನ್ನಡದ ಹೆಂಗಸಿನ ಹೆಸರು ಉಳಿದಿರುವುದು ಬಹುಮಟ್ಟಿಗೆ ಊರಿನ ಆಸರೆಯಲ್ಲಿ. "ಯಾವೂರಾಯ್ತು?" ಎಂಬ ನಮ್ಮವರ ಪ್ರಶ್ನೆಯನ್ನು ನಾನು ಹಗುರಾಗಿ ಕಂಡಿದ್ದರೆ ಈ ಪಟ್ಟಿಯನ್ನು ನೋಡಿ ಗೌರವ ಹುಟ್ಟುತ್ತದೆ.

ಇನ್ನಷ್ಟು ಹಿಂದಕ್ಕೆ ಹೋದರೆ ಮಾತು ಸೂಕ್ಷ್ಮವಾಗುತ್ತದೆ. ವಚನಕಾರರಲ್ಲಿ ಗಂಡಸರಾಗಲಿ ಹೆಂಗಸರಾಗಲಿ ಬಹುಮಟ್ಟಿಗೆ ತಮ್ಮ ಹೆಸರು ಹಾಕಿಕೊಳ್ಳಲಿಲ್ಲ. ಅಲ್ಲಿ ಹೆಚ್ಚಾಗಿ ಇರುವುದು ದೇವರ ಅಂಕಿತ. ನಮಗೆ ಉತ್ತರಕ್ಕಿರುವ ಉಡುತಡಿಯ ಅಕ್ಕಮಹಾದೇವಿಗೆ ಚೆನ್ನಮಲ್ಲಿಕಾರ್ಜುನ, ಸತ್ಯಕ್ಕನಿಗೆ ಶಂಭುಜಕ್ಕೇಶ್ವರ. ಅಲ್ಲಿಯವರೆಗೆ ಗಂಡುಹೆಣ್ಣೆಂಬ ಭೇದವಿಲ್ಲ. ಆದರೆ ಆಯ್ದಕ್ಕಿ ಲಕ್ಕಮ್ಮನ ಅಂಕಿತ ನೋಡಿ: 'ಮಾರಯ್ಯಪ್ರಿಯ ಅಮರೇಶ್ವರಲಿಂಗ'. ಅಮರೇಶ್ವರಲಿಂಗ ಗಂಡ ಮಾರಯ್ಯನ ಅಂಕಿತ, ಅದರ ಮುಂದೆ ಆ ಗಂಡನ ಹೆಸರು. ಉರಿಲಿಂಗಪೆದ್ದಿಯ ಹೆಂಡತಿ ಕಾಳವ್ವೆಯದು 'ಉರಿಲಿಂಗಪೆದ್ದಿಗಳರಸ'. ಮುಕ್ತಾಯಕ್ಕನದು ಅಣ್ಣನ ಹೆಸರಿರುವ 'ಅಜಗಣ್ಣತಂದೆ'. ಹೆಂಡತಿಯ ಹೆಸರನ್ನು ಹೀಗೆ ಅಂಕಿತದಲ್ಲಿ ಹೊತ್ತ ಶರಣನನ್ನು ಹುಡುಕಹೊರಟರೆ ಕಾಲು ಸೋಲುತ್ತದೆ.

ಹಾಗೆಂದು ಈ ಹೆಂಗಸರು ಗಂಡಂದಿರ ನೆರಳಿನಲ್ಲಿ ನಿಂತು ಮಾತಾಡಿದವರಲ್ಲ. ಬೇಕಾದ್ದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದ ಗಂಡನನ್ನು ಲಕ್ಕಮ್ಮ ಹಿಂದಕ್ಕೆ ಕಳಿಸಿದ ಕಥೆ ಮಕ್ಕಳಿಗೂ ಗೊತ್ತು. ಬೈದದ್ದು ಅವನನ್ನು, ಅಂಕಿತ ಅವನದೇ! ಗಂಡಿನ ಹೆಸರು ಇದ್ದಲ್ಲೆಲ್ಲ ಹೆಣ್ಣಿನ ದನಿ ಅಡಗಿತು ಎಂದು ಸಲೀಸಾಗಿ ಹೇಳುವವರು ಈ ವಚನಗಳನ್ನು ಓದಬೇಕು.

ನಮ್ಮ ತಾಲ್ಲೂಕಿನ ದೇವನೂರು 'ಜೈಮಿನಿ ಭಾರತ'ದ ಲಕ್ಷ್ಮೀಶನ ಊರೆಂಬುದು ಇಲ್ಲಿಯ ಎಲ್ಲರ ಹೆಮ್ಮೆ. ಅವನು ಊರ ದೇವರ ಅಂಕಿತದಲ್ಲಿ ಹಾಡಿದ ಚಂದ್ರಹಾಸನ ಕಥೆಯನ್ನು ಮಲೇಬೆನ್ನೂರಿನ ಕಡೆಯ ಗಿರಿಯಮ್ಮ ಹೆಳವನಕಟ್ಟೆಯ ರಂಗನ ಅಂಕಿತದಲ್ಲಿ ಹೆಂಗಸರ ಹಾಡಾಗಿ ಕಟ್ಟಿದಳು. ಇಬ್ಬರೂ ಊರ ದೇವರನ್ನು ಮುಂದೆ ಮಾಡಿ ಹಿಂದೆ ನಿಂತವರು. ಲಕ್ಷ್ಮೀಶನ ಪದ್ಯ ಶಾಲೆಯ ಪುಸ್ತಕಕ್ಕೆ ಬಂತು, ಗಿರಿಯಮ್ಮನ ಹಾಡು ನಡುಮನೆಯಲ್ಲೇ ಉಳಿಯಿತು. ಅಂಕಿತದ ಬಗೆ ಒಂದೇ ಆಗಿದ್ದರೂ ಅದು ಸೇರಿದ ಮನೆ ಬೇರೆ.

ಇನ್ನೂ ಹಳೆಯ ಸಾಕ್ಷಿ ಬೇಕಾದರೆ ಕಡೂರಿನ ಶಾಸನವೇ ಇದೆ. ಗಂಗದೊರೆ ಬೂತುಗನ ಅಕ್ಕ ಪಾಂಬಬ್ಬೆ ತಲೆಗೂದಲು ಕಿತ್ತು ಜೈನ ದೀಕ್ಷೆ ಹಿಡಿದು, ಮೂವತ್ತು ವರ್ಷ ತಪಸ್ಸು ಮಾಡಿ ೯೭೧ರಲ್ಲಿ ಮುಡಿಪಿದಳೆಂದು ಅದು ಹೇಳುತ್ತದೆ. "ಯಾರ ಪೈಕಿ?" ಎಂಬುದಕ್ಕೆ ಕಲ್ಲೂ ಉತ್ತರ ಕೊಡುತ್ತದೆ. ಆದರೆ ಪಾಂಬಬ್ಬೆ ಎಂಬ ಹೆಸರನ್ನು ಬಿಟ್ಟಿಲ್ಲ. ಸಾವಿರ ವರ್ಷದ ಹಿಂದಿನ ಕಲ್ಕುಟಿಗ ಮರೆಯದೆ ಕೊರೆದ ಸಂಗತಿಯನ್ನು ಸಾವಿರ ವರ್ಷದ ಮೇಲಿನ ಅಚ್ಚಿನ ಮೊಳೆ ಹೇಗೆ ಬೀಳಿಸಿತೆಂಬುದನ್ನು ಈಗ ಹೇಳುತ್ತೇನೆ.

ನನ್ನ ಸೋದರತ್ತೆ ಅಜ್ಜಂಪುರದಲ್ಲಿ ಹುಟ್ಟಿ ತರೀಕೆರೆಗೆ ಮದುವೆಯಾಗಿ ಹೋದವರು. ಮಾವ ಮಿಡ್ಲ್ ಸ್ಕೂಲಿನಲ್ಲಿ ಮೇಷ್ಟ್ರು. ಅತ್ತೆ ಓದಿದ್ದು ಲೋಯರ್ ಸೆಕೆಂಡರಿಯವರೆಗೆ. ಆದರೆ ಕೈಗೆ ಸಿಕ್ಕಿದ್ದನ್ನೆಲ್ಲ, ದಿನಸಿ ಕಟ್ಟಿಕೊಟ್ಟ ಕಾಗದವನ್ನೂ ಬಿಡಿಸಿ ಓದುತ್ತಿದ್ದರು. ಯುದ್ಧ ಮುಗಿದ ಮರುವರ್ಷ, ೧೯೪೬ರಲ್ಲಿ, ಒಂದು ಕಥೆ ಬರೆದರು. ಬಾವಿಯಲ್ಲಿ ನೀರು ಸೇದುತ್ತ ಮೂವರು ಹೆಂಗಸರು ಆಡುವ ಮಾತು, ಅಷ್ಟೇ ಕಥೆ. ನಾಲ್ಕನೆಯವಳೊಬ್ಬಳು ಆ ಬೆಳಿಗ್ಗೆ ನೀರಿಗೆ ಬಂದಿಲ್ಲ. ಏಕೆ ಬಂದಿಲ್ಲ ಎಂದು ಮೂವರಿಗೂ ಗೊತ್ತು, ಯಾರೂ ಹೇಳುವುದಿಲ್ಲ. ಅತ್ತೆ ಅದನ್ನು ಒಂದು ಮಾಸಪತ್ರಿಕೆಗೆ ಕಳಿಸಿದರು. ಕೆಳಗೆ ಆಗಿನ ರೂಢಿಯಂತೆ ಶ್ರೀಮತಿ ಎಂದು ಬರೆದು ಮಾವನ ಇನಿಷಿಯಲ್ಲು, ಮಾವನ ಹೆಸರು.

ಗಂಡನ ಹೆಸರನ್ನು ಬಾಯಲ್ಲಿ ಹೇಳಬಾರದ ಕಾಲ ಅದು. ಮದುವೆಯಲ್ಲಿ ಬಾಗಿಲು ತಡೆದು "ಹೆಸರು ಹೇಳು" ಎಂದು ಪೀಡಿಸಿದಾಗ ಒಗಟು ಕಟ್ಟಿ ಹೇಳಿದ್ದು ಬಿಟ್ಟರೆ ಅತ್ತೆ ಆ ಹೆಸರನ್ನು ಉಚ್ಚರಿಸಿದವರಲ್ಲ. ಬಾಯಲ್ಲಿ ಹೇಳಬಾರದ ಹೆಸರನ್ನು ಕೈಯಲ್ಲಿ ಬರೆದರು. ಎರಡು ತಿಂಗಳ ಮೇಲೆ ಕಥೆ ಬಂತು. ಮೊಳೆ ಜೋಡಿಸುವಾಗ ಶ್ರೀಮತಿ ಎಂಬ ಪದ ಬಿದ್ದುಹೋಗಿತ್ತು. ಕಥೆಯ ತಲೆಯ ಮೇಲೆ ಮಾವನ ಹೆಸರೊಂದೇ ಮಿರಮಿರನೆ ಮಿಂಚುತ್ತಿತ್ತು.

ಸುದ್ದಿ ಶಾಲೆಗೆ ಮುಟ್ಟಿತು. ಮಾವ ಒಳ್ಳೆಯವರು. "ಅದು ನನ್ನದಲ್ಲ, ಮನೆಯಲ್ಲಿ ಬರೆದದ್ದು" ಎಂದು ಹೆಡ್ಮಾಸ್ತರಿಗೆ ಅದೇ ದಿನ ಹೇಳಿದರಂತೆ. ಹೆಡ್ಮಾಸ್ತರು ಬೆನ್ನು ತಟ್ಟಿ, "ವಿದ್ಯೆ ಇದ್ದಲ್ಲಿ ವಿನಯ ಇರುತ್ತದೆ" ಎಂದರಂತೆ. ಸ್ಟೇಷನ್ನಿನಲ್ಲಿ, ಸಂತೆಯಲ್ಲಿ, ಕಂಡಕಂಡವರು ಕೈ ಕುಲುಕಿದರು. "ಹೆಂಗಸರ ಮನಸ್ಸನ್ನ ಎಷ್ಟು ಚೆನ್ನಾಗಿ ಬಲ್ಲಿರಿ ಮೇಷ್ಟ್ರೇ" ಎಂದರು. ನಿಜ ಹೇಳಿದರೂ ನಂಬುವವರಿಲ್ಲ 'ಆಡಂ ಬೀಡ್'ನ ಲಿಗ್ಗಿನ್ಸನಿಗೆ ಜನ ಕಟ್ಟಿದ ಪಟ್ಟವನ್ನು ನಮ್ಮ ಮಾವ ಬೇಡಬೇಡವೆಂದರೂ ಕಟ್ಟಿಬಿಟ್ಟರು. ನಾಲ್ಕಾರು ಸಲ ಬಿಡಿಸಿ ಹೇಳಿದ ಮಾವ ಆಮೇಲೆ ಸುಮ್ಮನಾದರು. ಸಂಪಾದಕರಿಂದ 'ಮಹಾಶಯರೇ' ಎಂದು ಕಾಗದ ಬಂತು, ಇನ್ನೊಂದು ಕಥೆ ಕಳಿಸಿರೆಂದು. ಅತ್ತೆ ಕಳಿಸಿದರು, ಈ ಸಲ ಶ್ರೀಮತಿ ಇಲ್ಲದೆಯೇ. ಹೀಗೆ ಮೂರು ಕಥೆಗಳು ಬಂದವು. ಶಾಲೆಯ ವಾರ್ಷಿಕೋತ್ಸವದಲ್ಲಿ ಮಾವನಿಗೆ ಹಾರ ಹಾಕಿದರು.

ನಾನು ಎಂ.ಎ. ಓದುತ್ತಿದ್ದಾಗ ಅತ್ತೆ ಇದನ್ನೆಲ್ಲ ನಗುನಗುತ್ತಲೇ ಹೇಳಿದರು. "ಹಾರ ತಂದು ನನ್ನ ಕೈಲಿ ಕೊಟ್ಟರು ಮಗೂ. ಮುಖ ನೋಡಲಿಲ್ಲ. ಸುಗಂಧರಾಜದ ಹಾರ, ಘಮ ಅಂತಿತ್ತು. ದೇವರ ಪಟಕ್ಕೆ ಹಾಕಿದೆ" ಎಂದರು.

"ಆಮೇಲೆ ಯಾಕೆ ಬರೆಯಲಿಲ್ಲ ಅತ್ತೆ?"

"ಬರೆದರೆ ಮತ್ತೆ ಅವರ ಕೈಲಿ ಸುಳ್ಳು ಹೇಳಿಸಬೇಕಿತ್ತಲ್ಲ."

ಆ ಮೂರೂ ಕಥೆಗಳನ್ನು ಹೊಲಿದು ಇಟ್ಟಿದ್ದ ಕಟ್ಟನ್ನು ಅತ್ತೆ ನನಗೆ ಕೊಟ್ಟರು. ಕೊಡುವಾಗ ಒಂದು ಮಾತು ತೆಗೆದುಕೊಂಡರು. "ಎಲ್ಲಾದರೂ ನನ್ನ ಹೆಸರು ಹಾಕಿಬಿಟ್ಟೀಯ, ಬೇಡ. ನನಗೆ ಹೆಸರು ಬಂದರೆ ಅವರು ಕಳ್ಳ ಅನ್ನಿಸಿಕೋತಾರೆ. ಅವರು ಕದ್ದವರಲ್ಲ."

ಹೆಣ್ಣಿನ ಬರಹದ ಮೇಲೆ ಗಂಡಿನ ಹೆಸರು ಕೂತಾಗ ಅದನ್ನು ಅನ್ಯಾಯ ಎಂದು ಕರೆಯಲು ನಾವು ಬೇಗ ಕಲಿತಿದ್ದೇವೆ. ಅದು ಅನ್ಯಾಯವೇ. ಆದರೆ ನಮ್ಮ ಮನೆಯಲ್ಲಿ ಆ ಅನ್ಯಾಯಕ್ಕೆ ಅನ್ಯಾಯ ಮಾಡಿದವರೇ ಇರಲಿಲ್ಲ. ಊರು ತಾನು ನಂಬಬೇಕಾದ್ದನ್ನು ನಂಬಿತು. ಒಂದು ಪದ ಬಿದ್ದ ಮಾತ್ರಕ್ಕೆ ಯಾರಿಗೂ ಅನುಮಾನ ಬರಲಿಲ್ಲ, ಏಕೆಂದರೆ ಆ ಪದ ಇದ್ದಾಗಲೂ ಅತ್ತೆ ಎನ್ನುವವರು ಅಲ್ಲಿ ಇರಲಿಲ್ಲ. ಇಂಗ್ಲೆಂಡಿನ ಹೆಂಗಸು ತಾನು ಹೆಣ್ಣೆಂಬುದನ್ನು ಮುಚ್ಚಿಡಲು ಒಂದು ಸುಳ್ಳು ಹೆಸರು ಕಟ್ಟಬೇಕಾಗಿತ್ತು. ನಮ್ಮಲ್ಲಿ ಆ ಕಷ್ಟವಿಲ್ಲ. ಮದುವೆಯ ದಿನವೇ ಒಂದು ನಿಜವಾದ ಗಂಡು ಹೆಸರು ಸಿದ್ಧವಾಗಿ ಸಿಗುತ್ತಿತ್ತು. ತರಗತಿಯ ಆ ಹುಡುಗಿಗೆ ನಾನು ಕೊಡಬೇಕಾದ ಉತ್ತರ ಇದು.

ಮಾವ ತೀರಿಕೊಂಡರು, ಅತ್ತೆಯೂ ತೀರಿಕೊಂಡರು. ಕೊಟ್ಟ ಮಾತಿನಂತೆ ಇಬ್ಬರ ಹೆಸರನ್ನೂ ನಾನಿಲ್ಲಿ ಬರೆದಿಲ್ಲ. ಕೆಲವು ವರ್ಷದ ಹಿಂದೆ ನಮ್ಮ ಸೀಮೆಯ ಹಳೆಯ ಕಥೆಗಾರರ ಪಟ್ಟಿ ಮಾಡುತ್ತಿದ್ದ ಸಂಶೋಧಕಿಯೊಬ್ಬರು ಮನೆಗೆ ಬಂದಿದ್ದರು. ಹಳೆಯ ಸಂಚಿಕೆಗಳನ್ನು ಜಾಲಾಡಿ ಮಾವನ ಹೆಸರನ್ನೂ ಪಟ್ಟಿಗೆ ಹಾಕಿದ್ದರು. "ನಿಮ್ಮ ಸಂಬಂಧಿಕರಂತೆ, ಅವರ ಬಗ್ಗೆ ನಾಲ್ಕು ಮಾತು ಹೇಳಿ" ಎಂದರು.

ಒಳಗಿನಿಂದ ಕಟ್ಟು ತಂದು ತೋರಿಸಿದೆ. ಅವರು ಬಾವಿಕಟ್ಟೆಯ ಕಥೆಯನ್ನು ಅಲ್ಲೇ ಕೂತು ಓದಿದರು. ಓದಿ ಮುಗಿಸಿ ತಲೆಯೆತ್ತಿದಾಗ, "ಇಲ್ಲೊಂದು ಅಚ್ಚಿನ ದೋಷ ಇದೆ. ಹೆಸರಿನ ಹಿಂದೆ ಒಂದು ಪದ ಬಿದ್ದುಹೋಗಿದೆ" ಎಂದೆ.

"ಯಾವ ಪದ?"

"ಶ್ರೀಮತಿ."

ಅವರು ಸ್ವಲ್ಪ ಹೊತ್ತು ನನ್ನನ್ನೇ ನೋಡಿದರು. ಆಮೇಲೆ ಪೆನ್ನು ತೆಗೆದು, ಮಾವನ ಹೆಸರಿನ ಹಿಂದೆ ಇದ್ದ ಚೂರು ಜಾಗದಲ್ಲಿ ಆ ಮೂರು ಅಕ್ಷರಗಳನ್ನು ಒತ್ತಾಗಿ ಬರೆದುಕೊಂಡರು.